ಲೆಕ್ಕ ಗೊತ್ತಿದ್ದರೂ ನಷ್ಟದ ಶೇರು ಮಾರಲು ಕೈ ಬರುವುದಿಲ್ಲ, ಯಾಕೆ?

ಪ್ರಶ್ನೆ: ಸರ್, ನಮಸ್ಕಾರ. ನಾನು ಗದಗದವನು, ವಯಸ್ಸು 43. ಖಾಸಗಿ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. 2021ರಲ್ಲಿ ಡಿಮ್ಯಾಟ್ ಖಾತೆ ತೆರೆದು ಐದು ಕಂಪನಿಗಳ ಶೇರು ಕೊಂಡೆ. ಎರಡು ಏರಿದವು. ಶೇಕಡಾ 20ರಷ್ಟು ಲಾಭ ಕಂಡ ಕೂಡಲೇ ಮಾರಿಬಿಟ್ಟೆ. ಅವು ಆಮೇಲೆ ಇನ್ನೂ ಏರಿದವು. ಉಳಿದ ಮೂರು ಇಳಿದವು. ಅದರಲ್ಲಿ ಒಂದು 500 ರೂಪಾಯಿಗೆ ಕೊಂಡದ್ದು. 300ಕ್ಕೆ ಬಂದಾಗ ಮತ್ತೆ ಅಷ್ಟೇ ಶೇರು ಕೊಂಡು ಆವರೇಜ್ ಮಾಡಿದೆ. ಈಗ 200ರಲ್ಲಿದೆ. ಕೊಂಡ ರೇಟು ಬರಲಿ, ಮಾರಿ ಕೈ ತೊಳೆದುಕೊಳ್ಳೋಣ ಅಂತ ಕಾಯುತ್ತಿದ್ದೇನೆ. ಮ್ಯೂಚುವಲ್ ಫಂಡ್‌ಗೆ ತಿಂಗಳಿಗೆ 8,000 ರೂಪಾಯಿ ಕಂತು, ಎಸ್‌ಐಪಿ, ಇತ್ತು. 2025ರ ಮಾರ್ಚ್‌ನಲ್ಲಿ ಮಾರುಕಟ್ಟೆ ಬಿದ್ದಾಗ ನಿಲ್ಲಿಸಿದೆ. ಈಚೆಗೆ ಗೆಳೆಯರೊಬ್ಬರ ಜೊತೆ ಮಂಗಳವಾರ, ವಾಯಿದೆ ಮುಗಿಯುವ ಎಕ್ಸ್‌ಪೈರಿ ದಿನ, ಸಣ್ಣದಾಗಿ ಆಪ್ಷನ್ (ಮಾರುಕಟ್ಟೆ ಏರುತ್ತದೋ ಇಳಿಯುತ್ತದೋ ಅನ್ನುವುದರ ಮೇಲಿನ ವಾಯಿದೆ ಒಪ್ಪಂದ) ಆಡುತ್ತಿದ್ದೇನೆ. ಇದು ಮನೆಯಲ್ಲಿ ಗೊತ್ತಿಲ್ಲ. ಮನೆಯವರು ‘ಎಲ್ಲಾ ಮಾರಿ ಬಂಗಾರ ತಗೋರಿ’ ಅನ್ನುತ್ತಾರೆ. ಶೇಕಡಾವಾರು, ಚಕ್ರಬಡ್ಡಿ, ಸಂಭವನೀಯತೆ ಎಲ್ಲ ದಿನಾ ಬೋರ್ಡಿನ ಮೇಲೆ ಬರೆಯುವವನು ನಾನು. ಆದರೂ ನನ್ನ ದುಡ್ಡಿನ ವಿಷಯದಲ್ಲಿ ಹೀಗೇಕೆ? ಮೆದುಳಿನಲ್ಲೇ ಏನಾದರೂ ದೋಷ ಇದೆಯಾ? ಸರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ದೋಷ ಏನೂ ಇಲ್ಲ ಸರ್. ನಿಮ್ಮ ಮೆದುಳು ಎಲ್ಲರ ಮೆದುಳಿನ ಹಾಗೆಯೇ ಕೆಲಸ ಮಾಡುತ್ತಿದೆ. ದೋಷ ಇದ್ದಿದ್ದರೆ ಕೆಲವು ಲೆಕ್ಕ ಇನ್ನೂ ಸರಿ ಬರುತ್ತಿದ್ದವೋ ಏನೋ. ತಮಾಷೆಗೆ ಹೇಳುತ್ತಿಲ್ಲ, ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ.

2005ರಲ್ಲಿ ಅಮೆರಿಕದಲ್ಲಿ ಬಾಬಾ ಶಿವ್, ಆಂಟೋನಿಯೊ ದಮಾಸಿಯೊ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಆಡುವವರ ಕೈಗೆ 20 ಡಾಲರ್ ಕೊಡುತ್ತಾರೆ. ಒಟ್ಟು 20 ಸುತ್ತು. ಪ್ರತಿ ಸುತ್ತಿನಲ್ಲೂ ಒಂದು ಡಾಲರ್ ಹೂಡಬಹುದು, ಬೇಡ ಅಂದರೆ ಇಟ್ಟುಕೊಳ್ಳಬಹುದು. ಹೂಡಿದರೆ ನಾಣ್ಯ ಚಿಮ್ಮುತ್ತಾರೆ. ಸೋತರೆ ಆ ಡಾಲರ್ ಹೋಯಿತು, ಗೆದ್ದರೆ ಕೈಗೆ ಎರಡೂವರೆ ಡಾಲರ್. ನಿಮ್ಮ ಹುಡುಗರೂ ಕೂತಲ್ಲೇ ಲೆಕ್ಕ ಹಾಕುತ್ತಾರೆ: ಒಂದು ಡಾಲರ್ ಹೂಡಿದರೆ ಸರಾಸರಿ 1.25 ವಾಪಸ್ ಬರುತ್ತದೆ. ಹಾಗಾಗಿ 20 ಸುತ್ತೂ ಹೂಡುವುದೇ ಸರಿ. ಆದರೆ ಆರೋಗ್ಯವಂತರು ಸುಮಾರು ಶೇಕಡಾ 58ರಷ್ಟು ಸುತ್ತುಗಳಲ್ಲಿ ಮಾತ್ರ ಹೂಡಿದರು. ಒಂದು ಸಲ ಸೋತ ಮೇಲಂತೂ ಮುಂದಿನ ಸುತ್ತಿಗೆ ಕೈ ಹಿಂದೆ ಎಳೆದುಕೊಂಡರು. ಮೆದುಳಿನಲ್ಲಿ ಭಾವನೆಗೆ ಸಂಬಂಧಪಟ್ಟ ಭಾಗಕ್ಕೆ ಪೆಟ್ಟಾಗಿದ್ದ ರೋಗಿಗಳು ಶೇಕಡಾ 84ರಷ್ಟು ಸುತ್ತುಗಳಲ್ಲಿ ಹೂಡಿದರು. ಕೊನೆಗೆ ಹೆಚ್ಚು ದುಡ್ಡು ಮಾಡಿದವರೂ ಅವರೇ.

ಹಾಗಂತ ‘ಭಾವನೆ ಬಿಟ್ಟರೆ ಶ್ರೀಮಂತ ಆಗುತ್ತೇನೆ’ ಅಂತ ತಿಳಿಯಬೇಡಿ. ಇಂಥ ಪೆಟ್ಟು ಬಿದ್ದವರು ನಿಜ ಜೀವನದಲ್ಲಿ ಕೆಟ್ಟ ವ್ಯವಹಾರಕ್ಕೆ ಬಿದ್ದು ದುಡ್ಡು, ಸಂಸಾರ ಎರಡನ್ನೂ ಹಾಳು ಮಾಡಿಕೊಂಡದ್ದನ್ನು ದಮಾಸಿಯೊ ಮೊದಲೇ ದಾಖಲಿಸಿದ್ದರು. ಹೆದರಿಕೆ ನಮಗೆ ಬೇಕು. ಆದರೆ ಯಾವುದಕ್ಕೆ, ಎಷ್ಟು ಹೆದರಬೇಕು ಅನ್ನುವುದರಲ್ಲಿ ಮಾರುಕಟ್ಟೆ ನಮ್ಮನ್ನು ಎಡವಿಸುತ್ತದೆ. ಗಣಿತ ಗೊತ್ತಿರುವುದು ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಕಲಿತದ್ದು ನೆನಪಾಗುವ ಮೊದಲೇ ಕೈ ಫೋನಿನ ಮೇಲೆ ಹೋಗಿರುತ್ತದೆ.

ನಿಮ್ಮ ಪತ್ರದಲ್ಲಿ ನಾಲ್ಕು ವಿಷಯ ಇವೆ. ನಾನು ಜಾಸ್ತಿ ಹೊತ್ತು ಮೊದಲನೆಯದರ ಮೇಲೆ ನಿಲ್ಲುತ್ತೇನೆ. ನಿಮ್ಮ ದುಡ್ಡು ಸಿಕ್ಕಿಕೊಂಡಿರುವುದು ಅಲ್ಲಿ.

‘ಕೊಂಡ ರೇಟು ಬರಲಿ.’ ಹುಬ್ಬಳ್ಳಿಯಲ್ಲಿ ನನ್ನ ಆಫೀಸಿಗೆ ಬರುವವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿಕೊಟ್ಟ ಸಂಗತಿ ಸರಳ. ನಮಗೆ ಒಟ್ಟು ಎಷ್ಟು ಆಸ್ತಿ ಇದೆ ಅನ್ನುವುದರ ಮೇಲೆ ನಮ್ಮ ಖುಷಿ, ದುಃಖ ನಿಂತಿಲ್ಲ. ಮನಸ್ಸು ಒಂದು ಗೆರೆ ಎಳೆದುಕೊಳ್ಳುತ್ತದೆ. ಶೇರಿನಲ್ಲಿ ಆ ಗೆರೆ ಅಂದರೆ ಕೊಂಡ ರೇಟು. ಗೆರೆಗಿಂತ ಮೇಲಿದ್ದರೆ ಲಾಭ, ಕೆಳಗಿದ್ದರೆ ನಷ್ಟ. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಖುಷಿಗಿಂತ ಹೆಚ್ಚು. 1992ರಲ್ಲಿ ಅವರೇ ಅಳೆದು, ಸುಮಾರು ಎರಡೂ ಕಾಲು ಪಟ್ಟು ಅಂದರು. ಈ ಅಳತೆ ಎಲ್ಲರಿಗೂ, ಎಲ್ಲ ಮೊತ್ತಕ್ಕೂ ಒಂದೇ ಅಲ್ಲ. ಎರಡು ಪಟ್ಟು ಅಂತ ಇಟ್ಟುಕೊಂಡರೆ ನಮ್ಮ ಮಾತಿಗೆ ಸಾಕು.

ಅವರ ಮಾತಿನ ಇನ್ನೊಂದು ಅರ್ಧವನ್ನು ಜನ ಮರೆಯುತ್ತಾರೆ. ಗೆರೆಯ ಮೇಲಿದ್ದಾಗ ನಾವು ಅಂಜುಬುರುಕರು, ಬಂದಷ್ಟು ಬರಲಿ ಅಂತ ಬೇಗ ಕೈಗೆ ಹಾಕಿಕೊಳ್ಳುತ್ತೇವೆ. ಗೆರೆಯ ಕೆಳಗೆ ಬಿದ್ದರೆ ಅದೇ ಮನುಷ್ಯ ಜೂಜುಕೋರ. ಹೇಗಾದರೂ ಗೆರೆ ಮುಟ್ಟಬೇಕು ಅಂತ ಎಂಥ ಅಪಾಯಕ್ಕೂ ಸಿದ್ಧ. ಎರಡು ಶೇರು 20 ಪರ್ಸೆಂಟ್‌ಗೆ ಮಾರಿದ್ದೂ ನೀವೇ, 300ಕ್ಕೆ ಇನ್ನಷ್ಟು ಕೊಂಡದ್ದೂ ನೀವೇ, ಅಲ್ವಾ? ಇಬ್ಬರು ಬೇರೆ ಬೇರೆ ಮನುಷ್ಯರು ಮಾಡಿದ ಹಾಗೆ ಕಾಣುತ್ತದೆ. ಮಾಡಿಸಿದ್ದು ಒಂದೇ ಗೆರೆ.

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಒಮ್ಮೆ ಬಂದಿದ್ದರು. ಟೇಬಲ್ ಮೇಲೆ ಫೋನ್ ಇಟ್ಟು ಆ್ಯಪ್ ತೆರೆದರು. ಲಾಭದ ಶೇರು ಮೇಲೆ, ನಷ್ಟದವು ಕೆಳಗೆ ಬರುವಂತೆ ಜೋಡಿಸಿಕೊಂಡಿದ್ದರು. ‘ಇದು ಹಸಿರೈತಿ ನೋಡ್ರಿ, ಇದೂ ಹಸಿರೈತಿ’ ಅಂತ ತೋರಿಸುತ್ತಾ ಬಂದರು. ಕೆಂಪು ಶುರುವಾಗುವ ಜಾಗಕ್ಕೆ ಬಂದ ಕೂಡಲೇ ಹೆಬ್ಬೆರಳು ಜೋರಾಗಿ ಸರಿಸಿತು, ಪಟ್ಟಿ ಕೊನೆಗೆ ಹೋಗಿ ನಿಂತಿತು.

‘ನಡುವ ಏನೇನೈತ್ರಿ?’ ಅಂದೆ.

‘ಅವ್ ಬಿಡ್ರಿ, ಹಳೇವು.’

ಅದರಲ್ಲಿ ಒಂದನ್ನು ತೋರಿಸಿ ಕೇಳಿದೆ: ‘ಈ ಶೇರು ನಿಮ್ಮ ಹತ್ರ ಇಲ್ಲ ಅಂತ ತಿಳ್ಕೋರಿ. ಇವತ್ತಿನ ರೇಟಿಗೆ ಹೊಸದಾಗಿ ತಗೋತೀರೇನು?’

‘ನನಗೇನ್ ಹುಚ್ಚ ಹಿಡದೈತೇನ್ರಿ?’

‘ಮತ್ತ ಇಟ್ಕೊಂಡೀರಲ್ರಿ?’

ನಕ್ಕರು. ‘ಅದು ಬ್ಯಾರೆ ಬಿಡ್ರಿ. ಕೊಂಡಿದ್ದು ಮುನ್ನೂರ ನಲವತ್ತಕ್ಕ.’

ಆಮೇಲೆ ಅವರ ಧಂದೆಯ ಮಾತು ತೆಗೆದೆ. ಮೆಣಸಿನಕಾಯಿ ಕೊಂಡ ಮೇಲೆ ರೇಟು ಬಿದ್ದರೆ ಏನು ಮಾಡುತ್ತೀರಿ? ಒಂದು ಕ್ಷಣವೂ ತಡೆಯದೆ ಉತ್ತರ ಬಂತು: ‘ಏಳೂದಿಲ್ಲ ಅನಿಸಿದ್ರ ಅವತ್ತ ಕೊಟ್ಟ ಬಿಡ್ತೇನ್ರಿ. ಕೋಲ್ಡ್ ಸ್ಟೋರೇಜ್ ಬಾಡಿಗಿ ಯಾರ್ ಕಟ್ಟಬೇಕು, ಬಡ್ಡಿ ಯಾರ್ ಕಟ್ಟಬೇಕು?’

ಈ ಮಾತನ್ನು ನಾನು ಬಹಳ ಮಂದಿಗೆ ಹೇಳುತ್ತಿರುತ್ತೇನೆ. ಚೀಲ ಇಟ್ಟರೆ ಬಾಡಿಗೆ ಏರುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಶೇರಿಗೆ ತಿಂಗಳ ಬಾಡಿಗೆ ಚೀಟಿ ಬರುವುದಿಲ್ಲ. ಡಿಮ್ಯಾಟ್‌ನಲ್ಲಿ ಸುಮ್ನೆ ಬಿದ್ದಿರುತ್ತದೆ. ಅದಕ್ಕೇ ಇಟ್ಟುಕೊಳ್ಳುವುದು ಬಿಟ್ಟಿ ಅನಿಸುತ್ತದೆ. ನಿಜವಾಗಿ ಬಿಟ್ಟಿ ಅಲ್ಲ. ಆ ದುಡ್ಡು ಬೇರೆ ಕಡೆ ದುಡಿಯಬಹುದಿತ್ತು, ದುಡಿಯುತ್ತಿಲ್ಲ. ಅದೇ ಬಾಡಿಗೆ. ಇನ್ನೊಂದು, ಎಪಿಎಂಸಿಯಲ್ಲಿ ಟೆಂಡರ್ ಹಾಕುವವನಿಗೆ ನೀವು ಗೊಬ್ಬರಕ್ಕೆ ಎಷ್ಟು ಸುರಿದಿರಿ ಅನ್ನುವುದು ಗೊತ್ತಿಲ್ಲ, ಅವನಿಗೆ ಬೇಕಾಗಿಯೂ ಇಲ್ಲ. ನಿಮ್ಮ 500 ರೂಪಾಯಿ ಕೂಡ ಹಾಗೇ. ಮಾರುಕಟ್ಟೆಗೆ ಆ ಸಂಖ್ಯೆ ಗೊತ್ತೇ ಇಲ್ಲ. ಅದು ಬದುಕಿರುವುದು ನಿಮ್ಮ ತಲೆಯಲ್ಲಿ ಮತ್ತು ಆ್ಯಪ್‌ನ ಒಂದು ಕಾಲಂನಲ್ಲಿ.

ಮೆಣಸಿನಕಾಯಿಯಲ್ಲಿ ಅಷ್ಟು ಚುರುಕಾಗಿದ್ದವರು ಶೇರಿನಲ್ಲಿ ಯಾಕೆ ಸಿಕ್ಕಿಬಿದ್ದರು? ಜಾನ್ ಲಿಸ್ಟ್ ಅನ್ನುವ ಅರ್ಥಶಾಸ್ತ್ರಜ್ಞರು 2003ರಲ್ಲಿ ಕ್ರೀಡಾ ಸ್ಮರಣಿಕೆಗಳ ಮಾರುಕಟ್ಟೆಯಲ್ಲಿ ಇದರ ಹತ್ತಿರದ್ದೊಂದು ಪರೀಕ್ಷೆ ಮಾಡಿದ್ದರು. ಹೊಸಬರು ಕೈಯಲ್ಲಿರುವ ವಸ್ತುವಿಗೆ ಅಂಟಿಕೊಂಡರು. ವರ್ಷಗಟ್ಟಲೆ ಕೊಟ್ಟು ತಗೊಂಡು ಪಳಗಿದ ವ್ಯಾಪಾರಿಗಳಲ್ಲಿ ಆ ಅಂಟು ಬಹುಮಟ್ಟಿಗೆ ಇರಲಿಲ್ಲ. ಅಂದರೆ ಅಭ್ಯಾಸದಿಂದ ಇದು ಹೋಗುತ್ತದೆ. ಆದರೆ ವರ್ಷಕ್ಕೆ ನಾಲ್ಕು ಶೇರು ಮುಟ್ಟುವ ನಮಗೆ ನಿಮಗೆ ಆ ಅಭ್ಯಾಸ ಬರುವುದು ಯಾವಾಗ?

ಈ ಚಾಳಿಗೆ ಹರ್ಷ್ ಶೆಫ್ರಿನ್ ಮತ್ತು ಮೈರ್ ಸ್ಟಾಟ್‌ಮನ್ 1985ರಲ್ಲೇ ಹೆಸರು ಕೊಟ್ಟಿದ್ದಾರೆ, ಡಿಸ್ಪೊಸಿಷನ್ ಎಫೆಕ್ಟ್ ಅಂತ. 1998ರಲ್ಲಿ ಟೆರೆನ್ಸ್ ಓಡಿಯನ್ ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳನ್ನು ಜಾಲಾಡಿದರು. ಜನ ಲಾಭದ ಶೇರನ್ನು ಬೇಗ ಮಾರಿ ನಷ್ಟದ್ದನ್ನು ಹಿಡಿದುಕೊಂಡಿದ್ದರು, ನಿಮ್ಮ ಹಾಗೆಯೇ. ಮಾರಿದ ಲಾಭದ ಶೇರುಗಳು ಮುಂದಿನ ಒಂದು ವರ್ಷದಲ್ಲಿ, ಹಿಡಿದುಕೊಂಡ ನಷ್ಟದ ಶೇರುಗಳಿಗಿಂತ ಸರಾಸರಿ 3.4 ಪರ್ಸೆಂಟೇಜ್ ಪಾಯಿಂಟ್ ಹೆಚ್ಚು ಗಳಿಸಿದವು. ‘ನಾನು ಮಾರಿದ್ದೇ ಏರುತ್ತದೆ’ ಅಂತ ಜನ ಹಣೆಬರಹ ಬೈಯುತ್ತಾರೆ. ಹಣೆಬರಹ ಅಲ್ಲ, ಆರಿಸಿದ ರೀತಿಯೇ ಹಾಗೆ.

ಮೆದುಳಿನೊಳಗೆ ಏನಾಗುತ್ತದೆ? ಕ್ಯಾರಿ ಫ್ರಿಡ್‌ಮನ್ ಮತ್ತು ಜೊತೆಗಾರರು ಜನರನ್ನು ಸ್ಕ್ಯಾನರ್ ಒಳಗೆ ಮಲಗಿಸಿ ಶೇರು ಮಾರಾಟದ ಆಟ ಆಡಿಸಿದರು. ಲಾಭಕ್ಕೆ ಮಾರಿದ ಕ್ಷಣದಲ್ಲಿ, ಬಹುಮಾನ ಸಿಕ್ಕಾಗ ಚುರುಕಾಗುವ ಭಾಗ ಚುರುಕಾಯಿತು. ಗಮನಿಸಿ, ಶೇರು ಏರಿದಾಗ ಒಟ್ಟು ಆಸ್ತಿ ಹೆಚ್ಚಿತ್ತು. ಆದರೂ ಖುಷಿಯ ಒಂದು ಪಾಲು ‘ಮಾರು’ ಬಟನ್ ಒತ್ತಿದಾಗಲೇ ಸಿಗುವುದು. ನಷ್ಟದ ಶೇರು ಮಾರದೆ ಇದ್ದರೆ ‘ಇನ್ನೂ ನಷ್ಟ ಆಗಿಲ್ಲ’ ಅಂತ ಮನಸ್ಸಿಗೆ ಸಮಾಧಾನ. 500 ಹೋಗಿ 200 ಆದದ್ದು ಆಗಿಹೋಗಿದೆ ಸರ್. ಮಾರಿದರೂ ಆಗಿದೆ, ಮಾರದಿದ್ದರೂ ಆಗಿದೆ.

ಫ್ರಿಡ್‌ಮನ್ ಮತ್ತು ಆಂಟೋನಿಯೊ ರಂಗೆಲ್ ಇನ್ನೊಂದು ಪ್ರಯೋಗದಲ್ಲಿ ಕೊಂಡ ಬೆಲೆಯನ್ನು ಪರದೆಯ ಮೇಲೆ ಅಷ್ಟು ಎದ್ದು ಕಾಣದಂತೆ ಮಾಡಿದರು. ಅಷ್ಟಕ್ಕೇ ಈ ಚಾಳಿ ಕಡಿಮೆಯಾಯಿತು. ನನಗೆ ಈ ಇಡೀ ವಿಜ್ಞಾನದಲ್ಲಿ ಅತಿ ಉಪಯೋಗಕ್ಕೆ ಬಂದ ಫಲಿತಾಂಶ ಇದೇ. ಮನಸ್ಸು ತಿದ್ದಬೇಕಾಗಿಲ್ಲ, ಪರದೆ ತಿದ್ದಿದರೆ ಸಾಕು.

ನಿಮ್ಮ ಗಣಿತ ನಿಮಗೇ ಮೋಸ ಮಾಡಿದ ಜಾಗ ಒಂದಿದೆ: ಆವರೇಜ್. 500ರ ಮೇಲೆ 300ಕ್ಕೆ ಅಷ್ಟೇ ಶೇರು ಕೊಂಡಿರಿ, ಸರಾಸರಿ 400 ಆಯಿತು. ಗೆರೆ ನೂರು ರೂಪಾಯಿ ಕೆಳಗೆ ಬಂತು, ಹತ್ತಿರ ಬಂತು ಅನಿಸಿತು. ಕಂಪನಿಯಲ್ಲಿ ಏನು ಬದಲಾಯಿತು? ಏನೂ ಇಲ್ಲ. ಅದೇ ಕಂಪನಿಯಲ್ಲಿ ಇನ್ನಷ್ಟು ದುಡ್ಡು ಸಿಕ್ಕಿಕೊಂಡಿತು, ಅಷ್ಟೇ. ಕಂಪನಿ ಗಟ್ಟಿ ಇದೆ ಅಂತ ಹೊಸದಾಗಿ ಕಂಡುಕೊಂಡು ಕೊಳ್ಳುವುದು ಬೇರೆ. ನನ್ನ ಸರಾಸರಿ ಇಳಿಯಲಿ ಅಂತ ಕೊಳ್ಳುವುದು ಬೇರೆ. ಎರಡನೆಯದು ಗೆರೆಗೆ ಸಲ್ಲಿಸುವ ಪೂಜೆ.

ಈಗ 200 ಇದೆ, 400 ಮುಟ್ಟಬೇಕು. ದುಪ್ಪಟ್ಟಾಗಬೇಕು. 72ರ ಸೂತ್ರ ನಿಮಗೆ ಗೊತ್ತೇ ಇದೆ: 72ನ್ನು ವರ್ಷದ ಶೇಕಡಾವಾರು ಬೆಳವಣಿಗೆಯಿಂದ ಭಾಗಿಸಿದರೆ ದುಪ್ಪಟ್ಟಾಗಲು ಬೇಕಾದ ವರ್ಷ. ವರ್ಷಕ್ಕೆ ಶೇಕಡಾ 12 ಬೆಳೆದರೂ ಆರು ವರ್ಷ. ಅದೇ ಆರು ವರ್ಷದಲ್ಲಿ ಅದೇ ದುಡ್ಡು ಇನ್ನೊಂದು ಒಳ್ಳೆಯ ಕಡೆ ಅಷ್ಟೇ ವೇಗದಲ್ಲಿ ಬೆಳೆದರೂ ದುಪ್ಪಟ್ಟೇ ಆಗುತ್ತದೆ. ಕಳೆದ ಜಾಗದಲ್ಲೇ ಗಳಿಸಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಹಾಗಾಗಿ ಕೇಳಿಕೊಳ್ಳಬೇಕಾದ್ದು ಒಂದೇ: ಮುಂದಿನ ಆರು ವರ್ಷಕ್ಕೆ ಈ ಕಂಪನಿಯೇ ಒಳ್ಳೆಯದಾ, ಬೇರೆಯದಾ? ಇದಕ್ಕೆ ಉತ್ತರ ಹುಡುಕುವಾಗ 500, 400 ಎರಡೂ ಸಂಖ್ಯೆ ಬೇಕಾಗುವುದಿಲ್ಲ.

ಕೊಂಡ ಬೆಲೆ ಬೇಕಾಗುವ ಒಂದೇ ಜಾಗ ಆದಾಯ ತೆರಿಗೆ. ಒಂದು ವರ್ಷ ದಾಟಿದ ಶೇರಿನ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ ಕಳೆಯಬಹುದು. ಆ ವರ್ಷ ಲಾಭ ಇಲ್ಲದಿದ್ದರೆ ಮುಂದಿನ ಎಂಟು ವರ್ಷಕ್ಕೆ ಒಯ್ಯಬಹುದು, ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿರಬೇಕು. ನಷ್ಟಕ್ಕೂ ಒಂದು ಬೆಲೆ ಇದೆ ಅಂತ ಗೊತ್ತಾದರೆ ಮಾರಲು ಸ್ವಲ್ಪ ಹಗುರ ಆಗುತ್ತದೆ.

ಎರಡನೆಯದು ಎಸ್‌ಐಪಿ. ನಿಲ್ಲಿಸಿದವರು ನೀವೊಬ್ಬರೇ ಅಲ್ಲ. 2025ರ ಜನವರಿಯಲ್ಲಿ ದೇಶದಲ್ಲಿ ಹೊಸದಾಗಿ ಶುರುವಾದ ಎಸ್‌ಐಪಿಗಳಿಗಿಂತ ನಿಂತುಹೋದವೇ ಜಾಸ್ತಿ. ಎಂದೋ ನಿಂತಿದ್ದ ಹಳೇ ಎಸ್‌ಐಪಿಗಳನ್ನು ಪಟ್ಟಿಯಿಂದ ತೆಗೆದದ್ದೂ ಅದರಲ್ಲಿ ಸೇರಿದೆ ಅನ್ನಿ, ಆದರೆ ಹೆದರಿಕೆಯೂ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ 26,277 ಮುಟ್ಟಿದ್ದ ಶೇರು ಸೂಚ್ಯಂಕ ನಿಫ್ಟಿ, ನೀವು ನಿಲ್ಲಿಸಿದ ಮಾರ್ಚ್ ಮೊದಲ ವಾರದಲ್ಲಿ 22,000 ಚಿಲ್ಲರೆಗೆ ಬಂದಿತ್ತು. ಏಪ್ರಿಲ್ 7ರಂದು 22,000ದ ಕೆಳಗೂ ಹೋಯಿತು. ಜೂನ್ ಕೊನೆಗೆ 25,500 ದಾಟಿತ್ತು. ಅಗ್ಗವಾಗಿದ್ದ ತಿಂಗಳುಗಳಲ್ಲಿ ನಿಮ್ಮ 8,000 ಒಳಗೆ ಹೋಗಲಿಲ್ಲ.

ಯಾಕೆ ಹೀಗಾಯಿತು ಅಂದರೆ, ನೀವು ಬಹಳ ಸಲ ನೋಡುತ್ತೀರಿ. ಶ್ಲೋಮೊ ಬೆನಾರ್ಟ್ಸಿ ಮತ್ತು ರಿಚರ್ಡ್ ಥೇಲರ್ 1995ರಲ್ಲಿ ಹೇಳಿದ್ದು ಇದನ್ನೇ. ನೀವೇ ಬೋರ್ಡಿನ ಮೇಲೆ ಮಾಡಿ ನೋಡಿ. ನೂರು ವಹಿವಾಟಿನ ದಿನಗಳಲ್ಲಿ 53 ಹಸಿರು, 47 ಕೆಂಪು ಅಂತ ಇಟ್ಟುಕೊಳ್ಳಿ. ಹಸಿರಿಗೆ ಒಂದು ಅಂಕ ಖುಷಿ, ಕೆಂಪಿಗೆ ಎರಡು ಅಂಕ ನೋವು. 53ರಲ್ಲಿ 94 ಕಳೆದರೆ ಮೈನಸ್ 41. ಮಾರುಕಟ್ಟೆ ಏರುತ್ತಲೇ ಇದ್ದರೂ ದಿನಾ ನೋಡುವವನಿಗೆ ನೋವೇ ಗಂಟು. ಈಗ ವರ್ಷಕ್ಕೊಮ್ಮೆ ನೋಡುವವನ ಲೆಕ್ಕ. 2012ರಿಂದ 2024ರವರೆಗೆ 13 ಕ್ಯಾಲೆಂಡರ್ ವರ್ಷಗಳಲ್ಲಿ ನಿಫ್ಟಿ ಹಿಂದಿನ ವರ್ಷಕ್ಕಿಂತ ಕೆಳಗೆ ಮುಗಿದದ್ದು 2015 ಒಂದೇ. 2020ನ್ನೇ ತೆಗೆದುಕೊಳ್ಳಿ. ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಬಿದ್ದಿತ್ತು, ಜನವರಿಯ ಎತ್ತರದಿಂದ ಶೇಕಡಾ 38ರಷ್ಟು ಕೆಳಗೆ. ಡಿಸೆಂಬರ್ 31ಕ್ಕೆ ವರ್ಷದ ಆರಂಭಕ್ಕಿಂತ ಶೇಕಡಾ 15ರಷ್ಟು ಮೇಲಿತ್ತು. ಆ ವರ್ಷ ಫೋನ್ ಮುಟ್ಟದೇ ಇದ್ದವನಿಗೆ ಅದು ಒಳ್ಳೆಯ ವರ್ಷ! ಎಲ್ಲ ಕಾಲವೂ ಹೀಗಿರುತ್ತದೆ ಅಂತ ಹೇಳುತ್ತಿಲ್ಲ. 2008ರಲ್ಲಿ ಒಂದೇ ವರ್ಷಕ್ಕೆ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಐದು ವರ್ಷದೊಳಗೆ ಬೇಕಾಗುವ ದುಡ್ಡನ್ನು ಶೇರಿಗೆ ಹಾಕಬೇಡಿ ಅನ್ನುವುದು ಅದಕ್ಕೇ.

ನಿಮ್ಮ ಊರಿನಲ್ಲೇ ಎಷ್ಟೋ ಜನ ಪ್ಲಾಟ್ ಕೊಂಡು ಹದಿನೈದು ವರ್ಷ ಸುಮ್ಮನೆ ಇಟ್ಟಿದ್ದಾರೆ. ಅವರಿಗೆ ತಾಳ್ಮೆ ಜಾಸ್ತಿ ಅಂತಲ್ಲ. ಆ ಪ್ಲಾಟಿನ ಇವತ್ತಿನ ರೇಟು ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಫೋನಿನಲ್ಲಿ ಕುಣಿಯುವುದಿಲ್ಲ, ಅಷ್ಟೇ.

ಹೆದರಿದಾಗ ಚುರುಕಾಗುವ ಭಾಗವೂ ಮೆದುಳಿನಲ್ಲಿ ಇದೆ. ಕ್ಯಾಮೆಲಿಯಾ ಕುಹ್ನೆನ್ ಮತ್ತು ಬ್ರಯಾನ್ ನಟ್ಸನ್ 2005ರಲ್ಲಿ ನೋಡಿದ್ದು ಹೀಗೆ: ಜನ ಅತಿ ಅಂಜಿ ತಪ್ಪು ಆಯ್ಕೆ ಮಾಡುವ ಮೊದಲು ಇನ್ಸುಲಾ ಅನ್ನುವ ಭಾಗ ಏಳುತ್ತಿತ್ತು, ಅತಿ ಆಸೆಯಿಂದ ತಪ್ಪು ಮಾಡುವ ಮೊದಲು ನ್ಯೂಕ್ಲಿಯಸ್ ಅಕಂಬೆನ್ಸ್ ಅನ್ನುವ ಭಾಗ. ಇನ್ಸುಲಾ ನೋವು, ಹೇಸಿಗೆ ಆದಾಗಲೂ ಕೆಲಸ ಮಾಡುವಂಥದ್ದು. ಆದರೆ ಇಲ್ಲಿ ಒಂದು ಮಾತು. ಯೂಟ್ಯೂಬ್‌ನಲ್ಲಿ ಈಗ ‘ನಿಮ್ಮ ಡೋಪಮೈನ್ ಗೆಲ್ಲಿ, ಕೋಟಿ ಗಳಿಸಿ’ ಅನ್ನುವ ತರಗತಿಗಳು ಮಾರಾಟಕ್ಕಿವೆ. ಡೋಪಮೈನ್ ಅಂದರೆ ಆಸೆ, ಬಹುಮಾನಕ್ಕೆ ಸಂಬಂಧಪಟ್ಟ ಮೆದುಳಿನ ಒಂದು ರಾಸಾಯನಿಕ. ಮೆದುಳಿನ ಬಣ್ಣದ ಚಿತ್ರ ತೋರಿಸಿದರೆ ಫೀಸು ಹೆಚ್ಚು ಕೇಳಬಹುದು. ಈ ಪ್ರಯೋಗಗಳು ಬಹಳಷ್ಟು ಸಣ್ಣ ಗುಂಪಿನ ಮೇಲೆ ಆದವು. ಲಂಡನ್ನಿನ ಟ್ರೇಡರ್‌ಗಳ ಹಾರ್ಮೋನ್ ಅಳೆದ ಹೆಸರುವಾಸಿ ಅಧ್ಯಯನದಲ್ಲಿ ಇದ್ದದ್ದು 17 ಜನ. ಯಾವ ಸ್ಕ್ಯಾನೂ ಯಾವ ಶೇರು ಕೊಳ್ಳಬೇಕು ಅಂತ ಹೇಳುವುದಿಲ್ಲ. ಅಂಥ ತರಗತಿಗೆ ದುಡ್ಡು ಕೊಡಬೇಡಿ.

ಮೂರನೆಯದನ್ನು ಮೆತ್ತಗೆ ಹೇಳಲು ಆಗುವುದಿಲ್ಲ: ಆಪ್ಷನ್ ಇವತ್ತೇ ನಿಲ್ಲಿಸಿ. ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕ: 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಎಫ್ ಅಂಡ್ ಒ) ಆಡಿದ ಬಿಡಿ ಹೂಡಿಕೆದಾರರಲ್ಲಿ ಶೇಕಡಾ 93 ಜನ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಮರುವರ್ಷವೂ, 2024-25ರಲ್ಲಿ, ಶೇಕಡಾ 91. ಹತ್ತರಲ್ಲಿ ಒಂಬತ್ತು ಜನಕ್ಕೆ ನಷ್ಟ ಅಂತ ನಿಮ್ಮ ಬ್ರೋಕರ್ ಆ್ಯಪ್ ತಾನೇ ಎಚ್ಚರಿಕೆ ತೋರಿಸುತ್ತದೆ. ಎಲ್ಲರೂ ‘ಓಕೆ’ ಒತ್ತಿ ಮುಂದೆ ಹೋಗುತ್ತಾರೆ. ನೀವೂ ಒತ್ತಿರುತ್ತೀರಿ.

ಗೊತ್ತಿದ್ದೂ ಯಾಕೆ ಎಳೆಯುತ್ತದೆ? ವುಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮೆದುಳಿನ ಡೋಪಮೈನ್ ಕೋಶಗಳನ್ನು ಅಭ್ಯಾಸ ಮಾಡಿದವರು. ಎದುರು ನೋಡದೆ ಇದ್ದಾಗ ಹಣ್ಣಿನ ರಸ ಸಿಕ್ಕರೆ ಆ ಕೋಶಗಳು ಜೋರಾಗಿ ಕೆಲಸ ಮಾಡಿದವು. ರಸ ಬರುವುದು ಖಚಿತ ಅಂತ ಗೊತ್ತಾದ ಮೇಲೆ ರಸ ಸಿಕ್ಕಾಗ ಅವು ಸುಮ್ಮನಿದ್ದವು. ಅದರ ಮುನ್ಸೂಚನೆ ಕೊಡುವ ದೀಪ ಹತ್ತಿದಾಗ ಮಾತ್ರ ಎದ್ದವು. ಎಫ್‌ಡಿ ಬಡ್ಡಿ ಬಂದಾಗ ನಿಮಗೆ ಏನೂ ಅನಿಸುವುದಿಲ್ಲ, ಮಂಗಳವಾರ ಬೆಳಗ್ಗೆ ಮಾರುಕಟ್ಟೆ ತೆರೆಯುವ ಮೊದಲೇ ಎದೆ ಡವಡವ ಅನ್ನುತ್ತದೆ. ಕಾರಣ ಇದೇ. ಇನ್ನೊಂದು, ‘ಇಪ್ಪತ್ತು ಪಾಯಿಂಟ್‌ನಲ್ಲಿ ತಪ್ಪಿತು’ ಅನ್ನುವ ಸೋಲು. ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು 2009ರಲ್ಲಿ ಸ್ಲಾಟ್ ಯಂತ್ರದಂಥ ಆಟ ಆಡಿಸಿ ನೋಡಿದರು. ಕೂದಲೆಳೆಯಲ್ಲಿ ತಪ್ಪಿದಾಗ, ಗೆದ್ದಾಗ ಚುರುಕಾಗುವ ಭಾಗಗಳೇ ಚುರುಕಾದವು. ಇನ್ನೊಂದು ಸಲ ಆಡಬೇಕು ಅನ್ನುವ ಆಸೆಯೂ ಹೆಚ್ಚಿತು. ಎಕ್ಸ್‌ಪೈರಿ ದಿನದ ಸೋಲು ಬಹಳ ಸಲ ಇದೇ ಜಾತಿಯದು.

ಬ್ರೋಕರ್ ಆ್ಯಪ್‌ನಲ್ಲಿ ಎಫ್ ಅಂಡ್ ಒ ಸೆಗ್ಮೆಂಟ್ ಅನ್ನೇ ಬಂದ್ ಮಾಡುವ ಅವಕಾಶ ಇರುತ್ತದೆ. ಮಾಡಿಬಿಡಿ. ಮತ್ತೆ ತೆರೆಯಲು ಅರ್ಜಿ, ದಾಖಲೆ ಅಂತ ಒಂದೆರಡು ದಿನ ಹಿಡಿಯಲಿ. ಆ ಎರಡು ದಿನವೇ ನಿಮಗೆ ರಕ್ಷಣೆ. ಮನೆಯಲ್ಲಿ ಹೇಳಿ. ಆಪ್ಷನ್ ಲೆಕ್ಕವನ್ನು ನಷ್ಟವಾದರೂ ವ್ಯಾಪಾರದ ಆದಾಯದ ಅಡಿ ರಿಟರ್ನ್‌ನಲ್ಲಿ ತೋರಿಸಬೇಕು, ಹಾಗಾಗಿ ಕಾಗದದ ಮೇಲೆ ಅದು ಹೇಗೂ ಬರುತ್ತದೆ. ಒಂದು ವೇಳೆ ಸಾಲ ಮಾಡಿ ಅಥವಾ ಬಂಗಾರ ಅಡವಿಟ್ಟು ಆಡಿದ್ದರೆ, ನಿಲ್ಲಿಸಬೇಕು ಅಂದುಕೊಂಡೂ ನಿಲ್ಲಿಸಲು ಆಗದಿದ್ದರೆ, ಅದು ನನ್ನಂಥವರ ಕೆಲಸ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ಜೂಜಿನ ಚಟಕ್ಕೆ ಚಿಕಿತ್ಸೆ ಇದೆ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಬಂಗಾರದ ವಿಷಯ ಎರಡೇ ಮಾತು. ಮನೆಯವರ ಮಾತನ್ನು ತಳ್ಳಿಹಾಕಬೇಡಿ, ಒಟ್ಟು ಉಳಿತಾಯದಲ್ಲಿ ಸ್ವಲ್ಪ ಬಂಗಾರ ಇರಲಿ. ಆದರೆ ‘ಈಚೆಗೆ ಏರಿದೆ, ಅದಕ್ಕೇ ಎಲ್ಲಾ ಅಲ್ಲಿ ಹಾಕೋಣ’ ಅನ್ನುವುದೂ ಇದೇ ಕಾಯಿಲೆಯ ಇನ್ನೊಂದು ಮುಖ. ಒಡವೆ ಮಾಡಿಸಿದರೆ ಮಜೂರಿ ಮತ್ತು ಜಿಎಸ್‌ಟಿ ಕೊಟ್ಟಾಗಲೇ ಹೋಗಿರುತ್ತದೆ, ಮಾರುವಾಗ ವಾಪಸ್ ಬರುವುದಿಲ್ಲ. ಒಡವೆಯನ್ನು ಹಾಕಿಕೊಳ್ಳಲು ಮಾಡಿಸಿ, ಹೂಡಿಕೆ ಅಂತ ಹೆಸರಿಡಬೇಡಿ.

ಈಗ ಮಾಡಬೇಕಾದ ಕೆಲಸ. ಭಾನುವಾರ ಮಾಡಿ, ಮಾರುಕಟ್ಟೆ ಮುಚ್ಚಿರುತ್ತದೆ, ರೇಟು ಕುಣಿಯುವುದಿಲ್ಲ. ಒಂದು ಹಾಳೆಯ ಮೇಲೆ ಮೂರೂ ಶೇರಿನ ಹೆಸರು ಮತ್ತು ಇವತ್ತಿನ ಬೆಲೆಗೆ ಎಷ್ಟು ದುಡ್ಡು ಅಂತ ಬರೆಯಿರಿ. ಕೊಂಡ ಬೆಲೆ ಬರೆಯಬೇಡಿ. ಲಾಭ ನಷ್ಟದ ಕಾಲಂ ಬೇಡವೇ ಬೇಡ. ಹಾಳೆಯನ್ನು ಮನೆಯವರ ಕೈಗೆ ಕೊಟ್ಟು, ‘ಇಷ್ಟು ದುಡ್ಡು ನಗದಾಗಿ ಕೈಯಲ್ಲಿದ್ದರೆ ಈ ಕಂಪನಿ ಕೊಳ್ಳುತ್ತೇನಾ, ಯಾಕೆ?’ ಅಂತ ಒಂದೊಂದಕ್ಕೂ ಬಾಯಿಬಿಟ್ಟು ಹೇಳಿ. ಅವರಿಗೆ ಶೇರು ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ‘ಯಾವತ್ತೋ ಏರಬಹುದು’ ಅನ್ನುವುದನ್ನು ಬಿಟ್ಟು ಬೇರೆ ಕಾರಣ ಸಿಗದ ಶೇರನ್ನು ಸೋಮವಾರ ಮಾರಿ. ಬಂದ ದುಡ್ಡನ್ನು ಖಾತೆಯಲ್ಲಿ ಬಿಡಬೇಡಿ, ಕೈಗೆ ಬಂದ ಕೂಡಲೇ ಇಂಡೆಕ್ಸ್ ಫಂಡ್‌ಗೆ, ಅಂದರೆ ನಿಫ್ಟಿಯಂಥ ಸೂಚ್ಯಂಕದ ಎಲ್ಲ ಕಂಪನಿಗಳಲ್ಲೂ ಹಣ ಹಾಕುವ ಫಂಡ್‌ಗೆ, ವರ್ಗ ಮಾಡಿ. ಮಾರಿದೆ ಅನ್ನುವುದಕ್ಕಿಂತ ಜಾಗ ಬದಲಿಸಿದೆ ಅಂದುಕೊಂಡರೆ ಮನಸ್ಸು ಕಡಿಮೆ ಒದ್ದಾಡುತ್ತದೆ. ಮೂರನ್ನೂ ಒಮ್ಮೆಗೇ ಮಾರಲು ಆಗದಿದ್ದರೆ ಒಂದರಿಂದ ಶುರು ಮಾಡಿ. ಅತಿ ಹೆಚ್ಚು ಬಿದ್ದದ್ದರಿಂದ ಅಲ್ಲ, ಇಟ್ಟುಕೊಳ್ಳಲು ಅತಿ ಕಡಿಮೆ ಕಾರಣ ಇರುವುದರಿಂದ.

ಎಸ್‌ಐಪಿ ಮತ್ತೆ ಶುರು ಮಾಡಿ, ಸಂಬಳ ಬಂದ ಮರುದಿನದ ತಾರೀಖು ಹಾಕಿ. ಥೇಲರ್ ಮತ್ತು ಬೆನಾರ್ಟ್ಸಿ ಒಂದು ಕಂಪನಿಯ ನೌಕರರಿಗೆ ‘ಈಗ ಬೇಡ, ಮುಂದೆ ಸಂಬಳ ಏರಿದಾಗ ಉಳಿತಾಯವೂ ತಾನೇ ಏರಲಿ’ ಅಂತ ಮೊದಲೇ ಒಪ್ಪಿಸಿದ್ದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ ಶೇಕಡಾ 3.5ರಿಂದ 13.6ಕ್ಕೆ ಹೋಯಿತು. ಯಾರೂ ಮನಸ್ಸು ಗಟ್ಟಿ ಮಾಡಿಕೊಳ್ಳಲಿಲ್ಲ, ಒಂದು ಸಲ ಸಹಿ ಹಾಕಿದರು ಅಷ್ಟೇ. ನಿಮ್ಮ ಫಂಡ್‌ನಲ್ಲೂ ಕಂತು ತಾನೇ ಏರುತ್ತಾ ಹೋಗುವ ಸ್ಟೆಪ್‌ಅಪ್ ಎಸ್‌ಐಪಿ ಇರುತ್ತದೆ. ಇನ್‌ಕ್ರಿಮೆಂಟ್ ತಿಂಗಳಿಗೆ ಹೊಂದಿಸಿ, ತಿಂಗಳ ಕಂತು ವರ್ಷಕ್ಕೆ 800 ರೂಪಾಯಿ ಏರುವ ಹಾಗೆ ಈಗಲೇ ಹಾಕಿಬಿಡಿ. ಆ್ಯಪ್‌ನ ನೋಟಿಫಿಕೇಶನ್ ತೆಗೆಯಿರಿ. ನೋಡುವುದು ಮೂರು ತಿಂಗಳಿಗೊಮ್ಮೆ, ಅದೂ ಭಾನುವಾರವೇ.

ಇನ್ನು ಮುಂದೆ ಯಾವ ಶೇರು ಕೊಂಡರೂ, ಕೊಳ್ಳುವ ಮೊದಲೇ ಅರ್ಧ ಪುಟ ಬರೆದಿಡಿ: ಯಾಕೆ ಕೊಳ್ಳುತ್ತಿದ್ದೇನೆ, ಏನಾದರೆ ಮಾರುತ್ತೇನೆ. ಏರಿದರೆ ಯಾಕೆ ಮಾರುವುದಿಲ್ಲ ಅನ್ನುವುದನ್ನೂ ಬರೆಯಿರಿ. ನಿಮ್ಮ ಎರಡು ಒಳ್ಳೆಯ ಶೇರು ಕೈಬಿಟ್ಟು ಹೋದದ್ದು ಇದನ್ನು ಬರೆದಿಡದೆ ಇದ್ದದ್ದಕ್ಕೆ.

ಒಂದು ಎಚ್ಚರಿಕೆ. ನೀವು ಮಾರಿದ ವಾರವೇ ಆ 200ರ ಶೇರು 230 ಆಗಬಹುದು. ಆಗ ಬರುವ ಸಂಕಟ ಇಟ್ಟುಕೊಂಡು ಅನುಭವಿಸಿದ ಸಂಕಟಕ್ಕಿಂತ ಜೋರಾಗಿರುತ್ತದೆ, ಯಾಕೆಂದರೆ ಈ ಸಲ ಮಾರಿದ ಕೈ ನಿಮ್ಮದು. ವಾಪಸ್ ಕೊಳ್ಳಬೇಡಿ. ಮಾರಿದ ದಿನವೇ ಅದನ್ನು ವಾಚ್‌ಲಿಸ್ಟ್‌ನಿಂದಲೂ ತೆಗೆದುಹಾಕಿ, ಗೆಳೆಯರಿಗೂ ಅದರ ರೇಟು ಹೇಳಬೇಡಿ ಅಂತ ಹೇಳಿಬಿಡಿ.